ತೆರೆಯಬೇಡಿ, ಓದಿ: ಅನುಮಾನದ ವರ್ಡ್, ಎಕ್ಸೆಲ್ ಫೈಲನ್ನು ಪರೀಕ್ಷಿಸುವ ಬಗೆ

"ಸರ್, ಯಾವುದೋ ಇನ್‌ವಾಯ್ಸ್ ಬಂದಿದೆ. ನಮ್ಮದಾ ಅಲ್ವಾ ಗೊತ್ತಾಗ್ತಿಲ್ಲ. ಒಂದ್ಸಲ ತೆರೆದು ನೋಡಿ ಹೇಳ್ತೀರಾ?"

ಆಫೀಸಿನಲ್ಲಿ ಕಂಪ್ಯೂಟರ್ ಬಗ್ಗೆ ಸ್ವಲ್ಪ ಗೊತ್ತಿದೆ ಅನ್ನಿಸಿಕೊಂಡವರಿಗೆಲ್ಲ ಇಂಥ ಮೆಸೇಜ್ ಬಂದೇ ಬರುತ್ತದೆ. ಅನುಮಾನ ಪಟ್ಟಿದ್ದು ಒಳ್ಳೆಯದೇ. ಆದರೆ ಹುತ್ತದಲ್ಲಿ ಹಾವಿದೆಯಾ ಅಂತ ತಿಳಿಯಲು ಕೈ ಹಾಕಿ ನೋಡುವುದಿಲ್ಲ ಅಲ್ವಾ? ಇದೂ ಹಾಗೇ.

ಫೈಲನ್ನು ತೆರೆಯುವುದು ಬೇರೆ, ಓದುವುದು ಬೇರೆ. ಡಬಲ್ ಕ್ಲಿಕ್ ಮಾಡಿದರೆ ವರ್ಡ್ ಆ ಫೈಲ್ ಹೇಳಿದ ಕೆಲಸಗಳನ್ನೆಲ್ಲ ಮಾಡಲು ಹೊರಡುತ್ತದೆ. ಚಿತ್ರ ತರುತ್ತದೆ, ಟೆಂಪ್ಲೇಟ್ ಹುಡುಕುತ್ತದೆ, ಅನುಮತಿ ಸಿಕ್ಕರೆ ಮ್ಯಾಕ್ರೋ, ಅಂದರೆ ಫೈಲಿನೊಳಗೆ ಬರೆದಿಟ್ಟ ಪುಟ್ಟ ಪ್ರೋಗ್ರಾಂ, ಓಡಿಸುತ್ತದೆ. ಅದೇ ಫೈಲನ್ನು ಬರೀ ಬೈಟ್‌ಗಳ ಸಾಲು ಎಂದು ಓದಿದರೆ ಅದರೊಳಗಿನ ಕೋಡ್ ಓಡುವುದಿಲ್ಲ. ವಿಷದ ಸೀಸೆಯ ಲೇಬಲ್ ಓದಿದರೆ ವಿಷ ಏರುವುದಿಲ್ಲವಲ್ಲ, ಹಾಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಮಾಂಡ್‌ಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಶುರುವಿಗೆ ಒಂದು ಫೋನ್

ಯಾವ ಟೂಲ್‌ಗೂ ಕೈ ಹಾಕುವ ಮೊದಲು ಕಳಿಸಿದವರನ್ನು ಕೇಳಿ. ಆ ಮೇಲ್‌ಗೆ ರಿಪ್ಲೈ ಮಾಡಬೇಡಿ. ಅದರಲ್ಲಿ ಕೊಟ್ಟಿರುವ ನಂಬರ್‌ಗೂ ಫೋನ್ ಮಾಡಬೇಡಿ. ನಿಮ್ಮಲ್ಲಿ ಮೊದಲಿನಿಂದ ಇರುವ ನಂಬರ್‌ಗೆ ಫೋನ್ ಮಾಡಿ. "ನಾನು ಏನೂ ಕಳಿಸಿಲ್ವಲ್ಲ" ಅಂತ ಆ ಕಡೆಯಿಂದ ಬಂದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. "ಹೌದು, ಕಳಿಸಿದ್ದೆ" ಅಂದರೂ ಪೂರ್ತಿ ನಂಬಬೇಡಿ. ಅವರ ಕಂಪ್ಯೂಟರಿಗೇ ಸೋಂಕು ತಗುಲಿ, ಅದು ಅವರ ಫೈಲಿಗೂ ಹತ್ತಿರಬಹುದು. 1999ರಲ್ಲಿ ಮೆಲಿಸ್ಸಾ ವೈರಸ್ ಹಬ್ಬಿದ್ದೇ ಗುರುತಿನವರ ಹೆಸರಲ್ಲಿ. ಔಟ್‌ಲುಕ್‌ನ ವಿಳಾಸ ಪಟ್ಟಿಯ ಮೊದಲ 50 ಜನರಿಗೆ ಅದು ತನ್ನಷ್ಟಕ್ಕೆ ತಾನೇ ಮೇಲ್ ಕಳಿಸುತ್ತಿತ್ತು.

ಎಲ್ಲಿ ಪರೀಕ್ಷಿಸಬೇಕು

ದಿನವೂ ಕೆಲಸ ಮಾಡುವ ಕಂಪ್ಯೂಟರಿನಲ್ಲಿ ಬೇಡ. ವರ್ಚುಯಲ್ ಮಷೀನ್ ಒಂದನ್ನು, ಅಂದರೆ ಕಂಪ್ಯೂಟರಿನೊಳಗೇ ಸಾಫ್ಟ್‌ವೇರಿನಿಂದಾದ ಇನ್ನೊಂದು ಕಂಪ್ಯೂಟರನ್ನು, ಮಾಡಿಕೊಂಡು ಅದರಲ್ಲಿ ಲಿನಕ್ಸ್ ಹಾಕಿ. ವಿಂಡೋಸ್ ಇಲ್ಲ, ಆಫೀಸ್ ಇಲ್ಲ ಅಂದರೆ ಕೈ ತಪ್ಪಿ ಡಬಲ್ ಕ್ಲಿಕ್ ಆದರೂ ಬಹುಪಾಲು ದಾಳಿಗಳಿಗೆ ಕಾಲೂರಲು ಜಾಗವಿರುವುದಿಲ್ಲ. ಎಲ್ಲ ಟೂಲ್‌ಗಳೂ ಒಟ್ಟಿಗೇ ಸಿಗಲಿ ಅನ್ನುವವರಿಗೆ ರೆಮ್ನಕ್ಸ್ ಇದೆ. ಮಾಲ್‌ವೇರ್ (ಕೆಡುಕು ಮಾಡುವ ಪ್ರೋಗ್ರಾಂ) ಪರೀಕ್ಷೆಗೆಂದೇ ಲೆನಿ ಝೆಲ್ಟ್ಸರ್ ಕಟ್ಟಿದ ಲಿನಕ್ಸ್ ಇದು. ಪುಕ್ಕಟೆ.

ಬೇಕಾದ ಟೂಲ್‌ಗಳನ್ನೆಲ್ಲ ಹಾಕಿಕೊಂಡ ಮೇಲೆ ವರ್ಚುಯಲ್ ಮಷೀನಿನ ನೆಟ್‌ವರ್ಕ್ ತೆಗೆದುಬಿಡಿ. ಹೊರಗಿನ ಕಂಪ್ಯೂಟರಿನ ಜೊತೆ ಹಂಚಿಕೊಂಡ ಫೋಲ್ಡರನ್ನೂ ಫೈಲ್ ಒಳಗೆ ಹಾಕಿದ ಕೂಡಲೇ ಮುಚ್ಚಿ. ಒಂದು ಸ್ನ್ಯಾಪ್‌ಶಾಟ್ ಇಟ್ಟುಕೊಂಡರೆ, ಕೆಲಸ ಮುಗಿದ ಮೇಲೆ ಮೊದಲಿನ ಸ್ಥಿತಿಗೆ ಮರಳಬಹುದು.

ಫೈಲ್ ಇಳಿಸಿಕೊಳ್ಳುವಾಗ ಜನ ಎಡವುವುದು ಪ್ರಿವ್ಯೂನಲ್ಲಿ. ಔಟ್‌ಲುಕ್‌ನಲ್ಲಾಗಲಿ ವಿಂಡೋಸ್ ಎಕ್ಸ್‌ಪ್ಲೋರರ್‌ನಲ್ಲಾಗಲಿ ಪಕ್ಕದಲ್ಲಿ ಫೈಲ್ ತೋರಿಸುವ ಆ ಕಿಟಕಿಯೂ ಒಂದು ಬಗೆಯ ತೆರೆಯುವಿಕೆಯೇ. 2022ರ ಮೇನಲ್ಲಿ ಬಯಲಾದ ಫೊಲಿನಾ ಎಂಬ ದೋಷದಲ್ಲಿ, ಆರ್‌ಟಿಎಫ್ (ವರ್ಡ್ ತೆರೆಯಬಲ್ಲ ಒಂದು ಹಳೆಯ ಬಗೆ) ರೂಪದ ಫೈಲನ್ನು ಎಕ್ಸ್‌ಪ್ಲೋರರ್‌ನ ಪ್ರಿವ್ಯೂನಲ್ಲಿ ನೋಡಿದರೂ ದಾಳಿಗೆ ಸಾಕಾಗಿತ್ತು. ಹಾಗಾಗಿ ಪ್ರಿವ್ಯೂ ಆಫ್ ಮಾಡಿ. ಫೈಲನ್ನು ಸೇವ್ ಮಾಡಿದ ಕೂಡಲೇ ಹೆಸರಿನ ಕೊನೆಗೆ ಚುಕ್ಕಿ ಹಾಕಿ ಏನಾದರೂ ಸೇರಿಸಿ. ನಾನು 'ಸ್ಯಾಂಪಲ್' ಎಂದು ಸೇರಿಸುತ್ತೇನೆ. ಆಗ ಯಾವ ಪ್ರೋಗ್ರಾಮಿನಿಂದ ತೆರೆಯಬೇಕು ಅಂತ ವಿಂಡೋಸ್‌ಗೆ ಗೊತ್ತಾಗುವುದಿಲ್ಲ.

ಹ್ಯಾಶ್ ತೆಗೆಯಿರಿ, ಫೈಲ್ ಕಳಿಸಬೇಡಿ

ಈಗ ಫೈಲಿನ ಬೆರಳ ಗುರುತು ತೆಗೆಯೋಣ. ಎಸ್‌ಎಚ್‌ಎ-256 ಹ್ಯಾಶ್ ಎಂದರೆ 64 ಅಕ್ಷರ-ಅಂಕಿಗಳ ಒಂದು ಸಾಲು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ಲಿನಕ್ಸ್‌ನಲ್ಲಿ 'ಎಸ್‌ಎಚ್‌ಎ256ಸಮ್' ಎಂಬ ಕಮಾಂಡ್, ವಿಂಡೋಸ್ ಪವರ್‌ಶೆಲ್‌ನಲ್ಲಿ 'ಗೆಟ್-ಫೈಲ್‌ಹ್ಯಾಶ್'. ಮುಂದೆ ಫೈಲಿನ ಹೆಸರು ಕೊಟ್ಟರೆ ಆಯಿತು.

ಆ ಸಾಲನ್ನು ಕಾಪಿ ಮಾಡಿ, ನೆಟ್ ಇರುವ ಕಂಪ್ಯೂಟರಿನಿಂದ ವೈರಸ್‌ಟೋಟಲ್ ಎಂಬ ವೆಬ್‌ಸೈಟಿನ ಹುಡುಕುವ ಪೆಟ್ಟಿಗೆಯಲ್ಲಿ ಹಾಕಿ. ಬೇರೆ ಯಾರಾದರೂ ಅದೇ ಫೈಲನ್ನು ಮೊದಲೇ ಕೊಟ್ಟಿದ್ದರೆ, ಹತ್ತಾರು ಆಂಟಿವೈರಸ್‌ಗಳು ಅದರ ಬಗ್ಗೆ ಏನು ಹೇಳಿವೆ ಎಂಬುದು ತಕ್ಷಣ ಕಾಣುತ್ತದೆ. ಮಾಲ್‌ವೇರ್ ಮಾದರಿಗಳನ್ನು ಕೂಡಿಡುವ ಮಾಲ್‌ವೇರ್‌ಬಜಾರ್‌ನಲ್ಲೂ ಒಮ್ಮೆ ಹುಡುಕಬಹುದು.

ಹುಡುಕಿ ಅಂದೆ, ಅಪ್‌ಲೋಡ್ ಮಾಡಿ ಅನ್ನಲಿಲ್ಲ. ವೈರಸ್‌ಟೋಟಲ್‌ಗೆ ಹಾಕಿದ ಫೈಲನ್ನು ಅದರ ಹಣ ಕೊಡುವ ಗ್ರಾಹಕರು ಇಳಿಸಿಕೊಳ್ಳಬಹುದು. ನಿಮಗೆ ಬಂದಿದ್ದು ನಿಜವಾದ ಸಂಬಳದ ಪಟ್ಟಿಯೋ, ಯಾರದೋ ವೈದ್ಯಕೀಯ ವರದಿಯೋ ಆಗಿದ್ದರೆ? ಅದನ್ನು ಸುಮ್ನೆ ಬೀದಿಗೆ ಹಾಕಿದಂತೆ. ಇನ್ನೊಂದು ಕಾರಣವೂ ಇದೆ. ನಿಮಗಾಗಿಯೇ ಫೈಲ್ ತಯಾರಿಸಿದ ದಾಳಿಕೋರ ಅದರ ಹ್ಯಾಶ್ ಅಲ್ಲಿ ಯಾವಾಗ ಕಾಣಿಸಿಕೊಳ್ಳುತ್ತದೆ ಅಂತ ಕಾಯುತ್ತಿರಬಹುದು. ಕಂಡ ದಿನ ಅವನಿಗೆ ಗೊತ್ತು, ನೀವು ಎಚ್ಚೆತ್ತಿದ್ದೀರಿ ಅಂತ.

ಹ್ಯಾಶ್ ಸಿಗಲಿಲ್ಲ ಅಂದರೆ ಫೈಲ್ ಸುರಕ್ಷಿತ ಅಂತ ಅರ್ಥವಲ್ಲ. ಇದುವರೆಗೆ ಯಾರೂ ಅದನ್ನು ಅಲ್ಲಿ ತೋರಿಸಿಲ್ಲ, ಅಷ್ಟೇ.

ಹೆಸರೊಂದು, ಒಳಗೆ ಇನ್ನೊಂದು

ಬೆಳ್ಳಗಿರುವುದೆಲ್ಲ ಹಾಲಲ್ಲ. ಫೈಲಿನ ಹೆಸರಿನ ಕೊನೆಯಲ್ಲಿ ಡಾಕ್ಸ್ ಅಂತ ಇದ್ದ ಮಾತ್ರಕ್ಕೆ ಒಳಗೂ ಅದೇ ಇರಬೇಕಿಲ್ಲ. ಲಿನಕ್ಸ್‌ನ 'ಫೈಲ್' ಕಮಾಂಡ್ ಕೊಟ್ಟರೆ ನಿಜವಾದ ಬಗೆ ಹೇಳುತ್ತದೆ. ಆದರೂ ಮೊದಲ ಕೆಲವು ಬೈಟ್‌ಗಳನ್ನು ಕಣ್ಣಾರೆ ನೋಡುವುದೇ ನನಗಿಷ್ಟ. ಲಿನಕ್ಸ್‌ನಲ್ಲಿ 'ಎಕ್ಸ್‌ಎಕ್ಸ್‌ಡಿ', ಪವರ್‌ಶೆಲ್‌ನಲ್ಲಿ 'ಫಾರ್ಮ್ಯಾಟ್-ಹೆಕ್ಸ್' ಇದನ್ನು ತೋರಿಸುತ್ತದೆ.

ಶುರುವಿನಲ್ಲಿ ಡಿ0 ಸಿಎಫ್ 11 ಇ0 ಕಂಡರೆ ಅದು ಓಎಲ್ಇ (ಹಲವು ತುಂಡುಗಳನ್ನು ಒಂದೇ ಡಬ್ಬಿಯಲ್ಲಿಡುವ ಮೈಕ್ರೋಸಾಫ್ಟ್ ವಿಧಾನ) ಬಗೆಯ ಹಳೆಯ ಫೈಲ್, ಅಂದರೆ ಆಫೀಸ್ 97ರಿಂದ 2003ರವರೆಗಿನ ಡಾಕ್, ಎಕ್ಸ್‌ಎಲ್‌ಎಸ್, ಪಿಪಿಟಿ. ಆ ನಾಲ್ಕು ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರಗಳಂತೆ ಓದಿದರೆ 'ಡಾಕ್‌ಫೈಲ್' ಅನ್ನುವಂತಿದೆ. ಮೈಕ್ರೋಸಾಫ್ಟ್‌ನಲ್ಲಿ ಯಾರೋ ತಮಾಷೆಗಾರರು ಇದ್ದರು ಅನ್ನಿಸುತ್ತದೆ. 50 4ಬಿ, ಅಂದರೆ ಪಿಕೆ ಅಂತ ಕಂಡರೆ ಅದು ಜಿಪ್. ಆಫೀಸ್ 2007ರಿಂದ ಬಂದ ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್, ಪಿಪಿಟಿಎಕ್ಸ್ ಎಲ್ಲವೂ ಒಳಗೆ ಜಿಪ್ ಫೈಲ್‌ಗಳೇ. ಪಿಕೆ ಎಂಬುದು ಜಿಪ್ ರೂಪಿಸಿದ ಫಿಲ್ ಕಾಟ್ಜ್ ಹೆಸರಿನ ಮೊದಲಕ್ಷರಗಳು. ಪುಷ್ಪಾವರಣ (ಕರ್ಲಿ ಬ್ರಾಕೆಟ್), ಹಿಂದಕ್ಕೆ ವಾಲಿದ ಓರೆಗೆರೆ (ಬ್ಯಾಕ್‌ಸ್ಲ್ಯಾಷ್), ಆಮೇಲೆ ಆರ್‌ಟಿ ಅಂತ ಇದ್ದರೆ ಆರ್‌ಟಿಎಫ್.

ಹೆಸರಿನಲ್ಲಿ ಡಾಕ್, ಒಳಗೆ ಆರ್‌ಟಿಎಫ್. ಇದು ಆಗಾಗ ಕಾಣುವ ಜೋಡಿ. ಕಂಡಾಗ ಮೈಯೆಲ್ಲ ಕಣ್ಣಾಗಿರಿ. ಹೆಸರಿನಲ್ಲಿ ಎಕ್ಸ್‌ಎಲ್‌ಎಸ್‌ಎಕ್ಸ್, ಶುರುವಿನಲ್ಲಿ ಡಿ0 ಸಿಎಫ್ ಅಂದರೆ ಹೆಚ್ಚಾಗಿ ಅದು ಪಾಸ್‌ವರ್ಡ್ ಹಾಕಿ ಮುಚ್ಚಿದ ಫೈಲ್. ಮುಚ್ಚಿದ ಹೊಸ ಫೈಲನ್ನು ಆಫೀಸ್ ಹಳೆಯ ಓಎಲ್ಇ ಡಬ್ಬಿಯಲ್ಲಿಟ್ಟು ಕೊಡುತ್ತದೆ. ಇನ್ನು ಶುರುವಿನಲ್ಲಿ ಎಂಝಡ್ ಎಂಬ ಎರಡಕ್ಷರ ಕಂಡರೆ ಅದು ಡಾಕ್ಯುಮೆಂಟೇ ಅಲ್ಲ, ವಿಂಡೋಸ್ ಪ್ರೋಗ್ರಾಂ. ಮುಂದೆ ಓದುವ ಕಷ್ಟ ಬೇಡ, ನೇರವಾಗಿ ಸೆಕ್ಯುರಿಟಿ ನೋಡಿಕೊಳ್ಳುವವರಿಗೆ ದೂರು ಕೊಡಿ.

ಜಿಪ್ ಆಗಿದ್ದರೆ ಬಿಚ್ಚಿ ನೋಡಿ

ಇಲ್ಲಿ ಯಾವ ವಿಶೇಷ ಟೂಲೂ ಬೇಡ. 'ಅನ್‌ಜಿಪ್' ಕಮಾಂಡಿಗೆ 'ಹೈಫನ್ ಎಲ್' ಸೇರಿಸಿದರೆ ಒಳಗಿನ ಫೈಲ್‌ಗಳ ಪಟ್ಟಿ ಬರುತ್ತದೆ. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಸಾಕು. ಅದು ಹಳೆಯ ಓಎಲ್ಇ ಫೈಲನ್ನೂ ಬಿಚ್ಚಿ ತೋರಿಸುತ್ತದೆ.

ಪಟ್ಟಿಯಲ್ಲಿ ಮೊದಲು ಹುಡುಕುವುದು 'ವಿಬಿಎಪ್ರಾಜೆಕ್ಟ್ ಡಾಟ್ ಬಿನ್' ಎಂಬ ಹೆಸರು. ಅದಿದ್ದರೆ ಮ್ಯಾಕ್ರೋ ಇದೆ. ಮ್ಯಾಕ್ರೋ ಇದ್ದೂ ಹೆಸರು ಡಾಕ್ಸ್ ಅಂತ ಇದ್ದರೆ ವರ್ಡ್ ತೆರೆಯಲು ಒಪ್ಪುವುದಿಲ್ಲ. ಹಾಗಾಗಿ ದಾಳಿಕೋರರು ಡಾಕ್‌ಎಂ ಅಂತಲೋ, ಬರೀ ಡಾಕ್ ಅಂತಲೋ ಹೆಸರಿಡುತ್ತಾರೆ. 'ಎಂಬೆಡಿಂಗ್ಸ್', 'ಆಕ್ಟಿವ್‌ಎಕ್ಸ್' ಎಂಬ ಫೋಲ್ಡರ್‌ಗಳಿದ್ದರೆ ಅವುಗಳೊಳಗೆ ಬೇರೆ ಫೈಲೋ ವಸ್ತುವೋ ಅಡಗಿದೆ ಎಂದು ಬರೆದಿಟ್ಟುಕೊಳ್ಳಿ.

ಮ್ಯಾಕ್ರೋ ಕಾಣಲಿಲ್ಲ ಅಂತ ಇಲ್ಲಿಗೇ ನಿಲ್ಲಬೇಡಿ. 'ರೆಲ್ಸ್' ಎಂದು ಕೊನೆಯಾಗುವ ಪುಟ್ಟ ಎಕ್ಸ್‌ಎಂಎಲ್ ಫೈಲ್‌ಗಳನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ಓದಿ. ಡಾಕ್ಯುಮೆಂಟಿನ ಯಾವ ಭಾಗ ಯಾವುದಕ್ಕೆ ಸೇರಿದ್ದು ಎಂಬ ನಂಟು ಅಲ್ಲಿರುತ್ತದೆ. ಅದರಲ್ಲಿ 'ಟಾರ್ಗೆಟ್‌ಮೋಡ್' ಎಂಬುದಕ್ಕೆ 'ಎಕ್ಸ್‌ಟರ್ನಲ್' ಎಂಬ ಬೆಲೆ ಇದ್ದರೆ ಆ ನಂಟು ಫೈಲಿನ ಹೊರಗೆ, ಯಾವುದೋ ಸರ್ವರ್‌ಗೆ ಹೋಗುತ್ತದೆ. ಅದರ ಬಗೆ 'ಹೈಪರ್‌ಲಿಂಕ್' ಅಂತಿದ್ದರೆ ಅದು ಮಾಮೂಲು ಲಿಂಕ್, ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ ಕೆಲಸ. ವಿಳಾಸ ಎಲ್ಲಿಗೆ ಹೋಗುತ್ತದೆ ಅಂತ ನೋಡಿದರೆ ಸಾಕು. 'ಅಟ್ಯಾಚ್ಡ್ ಟೆಂಪ್ಲೇಟ್' ಅಥವಾ 'ಓಎಲ್ಇ ಆಬ್ಜೆಕ್ಟ್' ಅಂತಿದ್ದು, ಮುಂದೆ ಗೊತ್ತಿಲ್ಲದ ವೆಬ್ ವಿಳಾಸ ಇದ್ದರೆ ಕಥೆ ಬೇರೆ. ಫೈಲ್ ಕಳಿಸುವಾಗ ಖಾಲಿಯಾಗಿಯೇ ಇರುತ್ತದೆ, ಸ್ಕ್ಯಾನರ್‌ಗೆ ಏನೂ ಸಿಗುವುದಿಲ್ಲ. ವರ್ಡ್ ತೆರೆದ ಮೇಲೆ ತಾನೇ ಹೋಗಿ ಹೊರಗಿನಿಂದ ಮ್ಯಾಕ್ರೋ ಇರುವ ಟೆಂಪ್ಲೇಟ್ ತರುತ್ತದೆ. ಫೊಲಿನಾ ಫೈಲಿನಲ್ಲೂ ಮ್ಯಾಕ್ರೋ ಇರಲಿಲ್ಲ. ಇಂಥದೇ ಒಂದು ರೆಲ್ಸ್ ಸಾಲು ಹೊರಗಿನ ಎಚ್‌ಟಿಎಂಎಲ್ ಪುಟವೊಂದನ್ನು ಕರೆಯುತ್ತಿತ್ತು, ಆ ಪುಟ ವಿಂಡೋಸ್‌ನ ದೋಷ ಹುಡುಕುವ ಟೂಲನ್ನೇ ಬಳಸಿ ಪವರ್‌ಶೆಲ್ ಓಡಿಸುತ್ತಿತ್ತು.

ನನ್ನ ಕೇಳಿದರೆ, ಇಡೀ ಪರೀಕ್ಷೆಯಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಜಾಸ್ತಿ ಫಲ ಕೊಡುವುದು ಈ ರೆಲ್ಸ್ ಓದುವ ಕೆಲಸ.

ಅಂದ ಹಾಗೆ, 'ಮೀಡಿಯಾ' ಫೋಲ್ಡರಿನ ಚಿತ್ರಗಳನ್ನೂ ವರ್ಚುಯಲ್ ಮಷೀನಿನೊಳಗೇ ನೋಡಿ. "ಈ ದಾಖಲೆ ಸುರಕ್ಷಿತವಾಗಿದೆ, ಓದಲು ಎನೇಬಲ್ ಕಂಟೆಂಟ್ ಒತ್ತಿ" ಎಂದು ಬರೆದ ಚಿತ್ರ ಸಿಕ್ಕಿತೆಂದರೆ ಕಳ್ಳನೇ ಬಂದು ಸಹಿ ಹಾಕಿದಂತಾಯಿತು. ಆ ಬಟನ್ ಒತ್ತಿದರೆ ಮ್ಯಾಕ್ರೋ ಓಡಲು ಅನುಮತಿ ಕೊಟ್ಟಂತೆ. ಒಳ್ಳೆಯ ಡಾಕ್ಯುಮೆಂಟಿಗೆ ಇಂಥ ಚಿತ್ರದ ಅಗತ್ಯ ಬೀಳುವುದಿಲ್ಲ. ಬರೀ ಒಂದು ಕ್ಯುಆರ್ ಕೋಡ್ ಇದ್ದರೂ ಅನುಮಾನಿಸಿ. ಅದು ಪಾಸ್‌ವರ್ಡ್ ಕದಿಯುವ ಪುಟಕ್ಕೆ ದಾರಿಯಾಗಿರಬಹುದು. ಫೋನಿನಿಂದ ಸ್ಕ್ಯಾನ್ ಮಾಡಲು ಹೋಗಬೇಡಿ.

ಮ್ಯಾಕ್ರೋ ಓದುವುದು

ಇದಕ್ಕೆ ಫಿಲಿಪ್ ಲಗಾಡೆಕ್ ಬರೆದ ಓಲೆಟೂಲ್ಸ್ ಇದೆ. ಓಎಲ್ಇ ಎಂಬುದನ್ನು ಓಲೆ ಅಂತಲೇ ಓದಿಕೊಂಡರೆ ನಮಗೆ ಹೆಸರು ಮರೆಯುವುದಿಲ್ಲ. ಬಂದ ಓಲೆಯನ್ನು ಒಡೆಯದೆ ಓದುವ ಟೂಲ್. ಪೈಥಾನ್ ಇದ್ದರೆ 'ಪಿಪ್ ಇನ್‌ಸ್ಟಾಲ್ ಓಲೆಟೂಲ್ಸ್' ಎಂದು ಕೊಟ್ಟರೆ ಸಾಕು.

ಮೊದಲು 'ಓಲೆಐಡಿ' ಓಡಿಸಿ. ಫೈಲಿನ ಬಗೆ, ಪಾಸ್‌ವರ್ಡ್ ಇದೆಯಾ, ವಿಬಿಎ (ಆಫೀಸಿನ ಮ್ಯಾಕ್ರೋ ಬರೆಯುವ ಭಾಷೆ) ಮ್ಯಾಕ್ರೋ ಇದೆಯಾ, ಎಕ್ಸ್‌ಎಲ್‌ಎಂ (ಎಕ್ಸೆಲ್‌ನ ಹಳೆಯ ಬಗೆಯ) ಮ್ಯಾಕ್ರೋ ಇದೆಯಾ, ಹೊರಗಿನ ನಂಟುಗಳಿವೆಯಾ ಎಂದು ಚಿಕ್ಕ ಪಟ್ಟಿ ಕೊಡುತ್ತದೆ. ಮ್ಯಾಕ್ರೋ ಇದೆ ಅಂತ ಬಂದರೆ 'ಓಲೆವಿಬಿಎ'. ಇದು ಮ್ಯಾಕ್ರೋ ಕೋಡನ್ನು ಹೊರತೆಗೆದು ಪೂರ್ತಿ ಅಚ್ಚು ಹಾಕುತ್ತದೆ, ಕೊನೆಯಲ್ಲಿ ಒಂದು ಕೋಷ್ಟಕ ಕೊಡುತ್ತದೆ.

ಕೋಷ್ಟಕದಲ್ಲಿ 'ಆಟೋಎಕ್ಸೆಕ್' ಎಂಬ ಸಾಲುಗಳನ್ನು ಮೊದಲು ನೋಡಿ. ಆಟೋಓಪನ್, ಡಾಕ್ಯುಮೆಂಟ್_ಓಪನ್, ವರ್ಕ್‌ಬುಕ್_ಓಪನ್ ಇವೆಲ್ಲ ಫೈಲ್ ತೆರೆದ ಕೂಡಲೇ ತಾವಾಗಿ ಓಡುವ ಕೋಡಿನ ಹೆಸರುಗಳು. ಡಾಕ್ಯುಮೆಂಟ್_ಕ್ಲೋಸ್ ಅಂತಲೂ ಇದೆ, ಅದು ಮುಚ್ಚುವಾಗ ಓಡುತ್ತದೆ. ಆಮೇಲೆ 'ಸಸ್ಪಿಶಿಯಸ್' ಸಾಲುಗಳು. ಶೆಲ್, ಕ್ರಿಯೇಟ್‌ಆಬ್ಜೆಕ್ಟ್, ಪವರ್‌ಶೆಲ್, ಯುಆರ್‌ಎಲ್‌ಡೌನ್‌ಲೋಡ್‌ಟುಫೈಲ್ ಇವುಗಳಲ್ಲಿ ಕೆಲವು ಹೊಸ ಪ್ರೋಗ್ರಾಂ ಓಡಿಸಲು, ಕೆಲವು ನೆಟ್‌ನಿಂದ ಫೈಲ್ ತರಲು. 'ಐಓಸಿ', ಅಂದರೆ ದಾಳಿಯ ಸುಳಿವಿನ ಸಾಲುಗಳಲ್ಲಿ ವೆಬ್ ವಿಳಾಸ, ಐಪಿ, ಎಕ್ಸಿಕ್ಯೂಟಬಲ್ ಫೈಲಿನ ಹೆಸರು ಸಿಗುತ್ತವೆ. ಇವನ್ನು ಬ್ರೌಸರ್‌ನಲ್ಲಿ ತೆರೆದು ನೋಡುವ ಚಪಲ ಬೇಡ.

ಮ್ಯಾಕ್ರೋ ಇದ್ದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ. ಲೆಕ್ಕಪತ್ರ ವಿಭಾಗದವರ ಎಕ್ಸೆಲ್ ಶೀಟ್‌ಗಳಲ್ಲಿ ವರ್ಕ್‌ಬುಕ್_ಓಪನ್ ಸರ್ವೇಸಾಮಾನ್ಯ. ತೂಗಿ ನೋಡಲು ಒಂದು ಸರಳ ಲೆಕ್ಕ ಇದೆ. ಅದೇ ಓಲೆಟೂಲ್ಸ್‌ನ 'ಎಂರ‍್ಯಾಪ್ಟರ್' ಬಳಸುವ ಲೆಕ್ಕ ಇದು: ತಾನಾಗಿ ಓಡುತ್ತದೆಯೇ? ಓಡಿದಾಗ ಡಿಸ್ಕಿಗೋ ಮೆಮೊರಿಗೋ ಏನಾದರೂ ಬರೆಯುತ್ತದೆಯೇ? ಹೊರಗಿನದ್ದನ್ನು ಏನಾದರೂ ಓಡಿಸುತ್ತದೆಯೇ? ಮೊದಲನೆಯದಕ್ಕೆ ಹೌದು, ಉಳಿದೆರಡರಲ್ಲಿ ಒಂದಕ್ಕಾದರೂ ಹೌದು ಅಂತ ಬಂದರೆ ಅನುಮಾನ ಗಟ್ಟಿ.

ಕೆಟ್ಟ ಕೋಡ್ ಓದಲು ಸುಲಭವಾಗಿರುವುದಿಲ್ಲ. ಅರ್ಥವಿಲ್ಲದ ಉದ್ದುದ್ದ ಹೆಸರುಗಳು, ಎಲ್ಲೂ ಬಳಸದ ನೂರಾರು ಸಾಲುಗಳು. ಹೆದರಬೇಡಿ, ತಂತ್ರಗಳು ಕೆಲವೇ. ಸಿಎಚ್ಆರ್ ಎಂಬ ಫಂಕ್ಷನ್‌ಗೆ 80, 111, 119, 101, 114 ಎಂದು ಒಂದೊಂದೇ ಸಂಖ್ಯೆ ಕೊಟ್ಟು ಜೋಡಿಸಿದ್ದರೆ ಬರುವುದು 'ಪವರ್' ಎಂಬ ಪದದ ಐದು ಇಂಗ್ಲಿಷ್ ಅಕ್ಷರಗಳು. ಮುಂದೆ 'ಶೆಲ್' ಬಂದರೆ ಆಶ್ಚರ್ಯವಿಲ್ಲ. ಸ್ಟ್ರ್‌ರಿವರ್ಸ್ ಇದ್ದರೆ ಪದವನ್ನು ಹಿಂದುಮುಂದಾಗಿ ಬರೆದಿದ್ದಾರೆ ಅಂತ. ಎಷ್ಟೋ ಸಲ ಮುಖ್ಯ ಪಠ್ಯ ಕೋಡಿನಲ್ಲೇ ಇರುವುದಿಲ್ಲ. ಡಾಕ್ಯುಮೆಂಟಿನ ಪ್ರಾಪರ್ಟಿಯಲ್ಲೋ, ಫಾರಂ ಒಂದರ ಕ್ಯಾಪ್ಶನ್‌ನಲ್ಲೋ, ಬಿಳಿ ಅಕ್ಷರದಲ್ಲಿ ಬರೆದ ಸೆಲ್‌ನಲ್ಲೋ ಬಚ್ಚಿಟ್ಟಿರುತ್ತಾರೆ. ಓಲೆವಿಬಿಎಗೆ 'ಎರಡು ಹೈಫನ್ ಡಿಕೋಡ್' ಸೇರಿಸಿದರೆ ಬೇಸ್64, ಹೆಕ್ಸ್ ಎಂಬ ಸಂಕೇತಗಳಲ್ಲಿ ಬರೆದದ್ದು, ಹಿಂದುಮುಂದಾದ ಪದಗಳು ಎಲ್ಲವನ್ನೂ ಅದೇ ಬಿಡಿಸಿ ತೋರಿಸುತ್ತದೆ. "ವರ್ಡ್‌ನಲ್ಲೇ ಓಡಿಸಿ ಏನು ಬರುತ್ತೆ ನೋಡೋಣ" ಎಂಬ ಆಸೆ ಹುಟ್ಟುವುದು ಇಲ್ಲೇ. ಬೇಡ.

ಡಿಡಿಯರ್ ಸ್ಟೀವನ್ಸ್ ಅವರ 'ಓಲೆಡಂಪ್' ಇನ್ನೊಂದು ದಾರಿ. ಅದು ಫೈಲಿನೊಳಗಿನ ಸ್ಟ್ರೀಮ್‌ಗಳಿಗೆ, ಅಂದರೆ ತುಂಡುಗಳಿಗೆ, ನಂಬರ್ ಹಾಕಿ ಪಟ್ಟಿ ಮಾಡುತ್ತದೆ. ಪಕ್ಕದಲ್ಲಿ ದೊಡ್ಡ ಎಂ ಅಕ್ಷರ ಇದ್ದರೆ ಅಲ್ಲಿ ಕೋಡ್ ಇದೆ. ಚಿಕ್ಕ ಎಂ ಇದ್ದರೆ ಬರೀ ಮಾಮೂಲು ಗುಣಲಕ್ಷಣದ ಸಾಲುಗಳು.

ಎರಡು ಹಳ್ಳಗಳಿವೆ. ಒಂದು, ವಿಬಿಎ ಸ್ಟಾಂಪಿಂಗ್. ಮ್ಯಾಕ್ರೋವನ್ನು ಫೈಲಿನಲ್ಲಿ ಮೂಲ ಕೋಡ್ ಆಗಿಯೂ, ಪಿ-ಕೋಡ್ ಎಂಬ ಕಂಪೈಲ್ ಆದ ರೂಪದಲ್ಲೂ ಇಟ್ಟಿರುತ್ತಾರೆ. ಮೂಲವನ್ನು ಅಳಿಸಿ, ಅಥವಾ ಅದರ ಜಾಗದಲ್ಲಿ ಮುಗ್ಧ ಕೋಡ್ ಇಟ್ಟು, ಪಿ-ಕೋಡನ್ನು ಮಾತ್ರ ಕೆಟ್ಟದ್ದಾಗಿ ಬಿಡಬಹುದು. ಫೈಲ್ ತಯಾರಾದ ಆವೃತ್ತಿಯ ಆಫೀಸೇ ತೆರೆಯುವ ಕಂಪ್ಯೂಟರಿನಲ್ಲೂ ಇದ್ದರೆ ಪಿ-ಕೋಡೇ ಓಡುತ್ತದೆ. ಓಲೆವಿಬಿಎ ಎರಡನ್ನೂ ಹೋಲಿಸಿ, ವ್ಯತ್ಯಾಸ ಕಂಡರೆ ಎಚ್ಚರಿಸುತ್ತದೆ. ಪಿ-ಕೋಡನ್ನು ಓದಲು 'ಪಿಕೋಡ್‌ಡಿಎಂಪಿ' ಇದೆ.

ಎರಡನೆಯದರಲ್ಲಿ ನಾನೇ ಬಿದ್ದಿದ್ದೇನೆ. ಒಮ್ಮೆ ಒಂದು ಎಕ್ಸ್‌ಎಲ್‌ಎಸ್ ಫೈಲ್ ನೋಡಿ, ವಿಬಿಎ ಇಲ್ಲ ಅಂತ ಬಂದ ಕೂಡಲೇ "ಪರವಾಗಿಲ್ಲ" ಅಂದುಬಿಟ್ಟಿದ್ದೆ. ಅದರಲ್ಲಿದ್ದದ್ದು ಎಕ್ಸೆಲ್ 4.0 ಮ್ಯಾಕ್ರೋ, ಅಂದರೆ ಎಕ್ಸ್‌ಎಲ್‌ಎಂ, 1992ರ ಕಾಲದ್ದು. ಅದು ವಿಬಿಎ ಅಲ್ಲ. ಸೆಲ್‌ಗಳಲ್ಲೇ ಸೂತ್ರದಂತೆ ಬರೆದಿರುತ್ತಾರೆ, ಆ ಶೀಟನ್ನು ಮೆನುವಿನಲ್ಲೂ ಕಾಣದಷ್ಟು ಆಳವಾಗಿ ಅಡಗಿಸಿರುತ್ತಾರೆ. ಪುಣ್ಯಕ್ಕೆ ಫೈಲಿನ ಬಗ್ಗೆ ಕೇಳಿದವರು ಆಗಲೇ ಅದನ್ನು ಅಳಿಸಿದ್ದರು. ಅಂದಿನಿಂದ ಎಕ್ಸೆಲ್ ಫೈಲ್ ಬಂದರೆ ಓಲೆಐಡಿಯ ಎಕ್ಸ್‌ಎಲ್‌ಎಂ ಸಾಲನ್ನು ಎರಡು ಸಲ ಓದುತ್ತೇನೆ. ಇದ್ದರೆ 'ಎಕ್ಸ್‌ಎಲ್‌ಎಂಮ್ಯಾಕ್ರೋಡಿಆಬ್ಫಸ್ಕೇಟರ್' ಎಂಬ ಉದ್ದ ಹೆಸರಿನ ಟೂಲ್ ಅದನ್ನು ಬಿಡಿಸುತ್ತದೆ, ಎಕ್ಸೆಲ್ ಇಲ್ಲದೆಯೇ.

ಆರ್‌ಟಿಎಫ್, ಪಾಸ್‌ವರ್ಡ್

ಆರ್‌ಟಿಎಫ್‌ನಲ್ಲಿ ಮ್ಯಾಕ್ರೋ ಇರಲು ಸಾಧ್ಯವಿಲ್ಲ. ಅದಕ್ಕೇ ಜನ ಅದನ್ನು ಸಾಧು ಅಂದುಕೊಳ್ಳುತ್ತಾರೆ. ಆದರೆ ಅದರಲ್ಲಿ ಓಎಲ್ಇ ವಸ್ತು, ಅಂದರೆ ಬೇರೆ ಪ್ರೋಗ್ರಾಮಿಗೆ ಸೇರಿದ ತುಂಡು, ಹುದುಗಿಸಬಹುದು. 'ಆರ್‌ಟಿಎಫ್‌ಓಬಿಜೆ' ಓಡಿಸಿದರೆ ಅವುಗಳ ಪಟ್ಟಿ ಸಿಗುತ್ತದೆ. 'ಈಕ್ವೇಶನ್ 3' ಎಂಬ ಹೆಸರು ಕಂಡರೆ ಅದು ಹೆಚ್ಚುಕಡಿಮೆ ತೀರ್ಪೇ. ಆಫೀಸಿನ ಹಳೆಯ ಸಮೀಕರಣ ಬರೆಯುವ ಪ್ರೋಗ್ರಾಮಿನಲ್ಲಿದ್ದ ಸಿವಿಇ-2017-11882 ಎಂಬ ನಂಬರಿನ ದೋಷವನ್ನು ಇದರ ಮೂಲಕವೇ ಬಳಸುತ್ತಾರೆ. ಆ ಪ್ರೋಗ್ರಾಂ ಕಂಪೈಲ್ ಆಗಿದ್ದು 2000ರಲ್ಲಿ. 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕಿತ್ತೇ ಹಾಕಿತು. ಅಪ್‌ಡೇಟ್ ಆಗದ ಆಫೀಸ್‌ನಲ್ಲಿ ಅದು ಇನ್ನೂ ಕೂತಿರುತ್ತದೆ. ಅಲ್ಲಿ ಎನೇಬಲ್ ಕಂಟೆಂಟ್ ಒತ್ತುವ ಅಗತ್ಯವೂ ಇಲ್ಲ.

ಪಾಸ್‌ವರ್ಡ್ ಹಾಕಿದ ಫೈಲ್ ಬಂದು, ಪಾಸ್‌ವರ್ಡ್ ಅದೇ ಮೇಲ್‌ನಲ್ಲಿದ್ದರೆ ನಗು ಬರುತ್ತದೆ. ಬೀಗ ಹಾಕಿ ಕೀಲಿಯನ್ನು ಅದೇ ಬಾಗಿಲಿಗೆ ನೇತುಹಾಕಿದಂತೆ. ಉದ್ದೇಶ ಗುಟ್ಟಲ್ಲ, ಮೇಲ್ ಸ್ಕ್ಯಾನರ್‌ನ ಕಣ್ಣು ಕಟ್ಟುವುದು. 'ಎಂಎಸ್‌ಆಫ್‌ಕ್ರಿಪ್ಟೋ-ಟೂಲ್' ಆ ಪಾಸ್‌ವರ್ಡ್ ಕೊಟ್ಟರೆ ಬೀಗ ತೆಗೆದ ಪ್ರತಿ ಮಾಡಿಕೊಡುತ್ತದೆ. ಆ ಪ್ರತಿಯನ್ನು ಮೊದಲಿನಿಂದ ಪರೀಕ್ಷಿಸಿ. ಎಕ್ಸೆಲ್ ಫೈಲಿಗೆ ಬೀಗ ಇದ್ದೂ ಯಾರೂ ಪಾಸ್‌ವರ್ಡ್ ಹೇಳಿಲ್ಲವೇ? 'ವೆಲ್ವೆಟ್‌ಸ್ವೆಟ್‌ಶಾಪ್' ಎಂದು ಕೊಟ್ಟು ನೋಡಿ, ವಿ ಮತ್ತು ನಡುವಿನ ಎಸ್ ದೊಡ್ಡಕ್ಷರ. ಎಕ್ಸೆಲ್ ತಾನೇ ಗುಟ್ಟಾಗಿ ಪ್ರಯತ್ನಿಸುವ ಪಾಸ್‌ವರ್ಡ್ ಅದು. ಬಳಕೆದಾರರನ್ನು ಏನೂ ಕೇಳದೆ ಫೈಲ್ ತೆರೆದುಕೊಳ್ಳುತ್ತದೆ, ಸ್ಕ್ಯಾನರ್‌ಗೆ ಮಾತ್ರ ಒಳಗೇನಿದೆ ಕಾಣುವುದಿಲ್ಲ.

ಏನೂ ಸಿಗದಿದ್ದರೆ

ಎಲ್ಲ ಹುಡುಕಿದ ಮೇಲೂ ಏನೂ ಸಿಗಲಿಲ್ಲ ಅನ್ನಿ. ಆಗ ನಾನು ಬರೆಯುವುದು "ಇಂತಿಂಥದ್ದು ನೋಡಿದೆ, ಕೆಟ್ಟದ್ದೇನೂ ಕಾಣಲಿಲ್ಲ" ಎಂದು ಮಾತ್ರ. "ಸುರಕ್ಷಿತ" ಎಂಬ ಪದ ಬಳಸುವುದಿಲ್ಲ. ಒಳಗಿನ ವಿಷಯ ಓದಲೇಬೇಕು ಅಂದರೆ ಡೇಂಜರ್‌ಝೋನ್ ಬಳಸಬಹುದು. ಅದು ಡಾಕ್ಯುಮೆಂಟನ್ನು ಒಂದು ಮುಚ್ಚಿದ ಕಂಟೇನರ್‌ನೊಳಗೆ ತೆರೆದು, ಪುಟಗಳನ್ನು ಬರೀ ಚಿತ್ರದ ಚುಕ್ಕಿಗಳಾಗಿಸಿ, ಅವುಗಳಿಂದ ಹೊಸ ಪಿಡಿಎಫ್ ಮಾಡುತ್ತದೆ. ಮ್ಯಾಕ್ರೋ, ಲಿಂಕ್, ಹುದುಗಿದ ವಸ್ತು ಯಾವುದೂ ಆ ಪಿಡಿಎಫ್‌ಗೆ ದಾಟಿ ಬರುವುದಿಲ್ಲ.

ಪರೀಕ್ಷಿಸುತ್ತಿರುವಾಗಲೇ "ನಾನು ಬೆಳಿಗ್ಗೆನೇ ಎನೇಬಲ್ ಒತ್ತಿಬಿಟ್ಟಿದ್ದೆ" ಅಂತ ಯಾರಾದರೂ ಬಂದು ಹೇಳಿದರೆ ಬೈಯಬೇಡಿ, ಮುಂದಿನ ಸಲ ಹೇಳುವುದೇ ಇಲ್ಲ. ಆ ಕಂಪ್ಯೂಟರಿನ ವೈಫೈ, ಕೇಬಲ್ ಎರಡನ್ನೂ ತೆಗೆಯಿರಿ. ಆಫ್ ಮಾಡಬೇಡಿ, ಮೆಮೊರಿಯಲ್ಲಿರುವ ಸುಳಿವು ಹೋಗುತ್ತದೆ. ಸೆಕ್ಯುರಿಟಿ ನೋಡಿಕೊಳ್ಳುವವರಿಗೆ ತಕ್ಷಣ ತಿಳಿಸಿ. ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಲಿ.

ಸೆಕ್ಯುರಿಟಿಯವರಿಗೆ ಸ್ಯಾಂಪಲ್ ಕಳಿಸುವಾಗ ಜಿಪ್ ಮಾಡಿ, 'ಇನ್‌ಫೆಕ್ಟೆಡ್' ಎಂಬ ಪಾಸ್‌ವರ್ಡ್ ಹಾಕಿ, ಎಲ್ಲ ಚಿಕ್ಕಕ್ಷರ. ಈ ಕ್ಷೇತ್ರದವರೆಲ್ಲ ಬಳಸುವ ರೂಢಿ ಅದು. ಜೊತೆಗೆ ಹ್ಯಾಶ್, ಮೇಲ್ ಬಂದ ಸಮಯ, ಮೇಲ್‌ನ ಪೂರ್ತಿ ಹೆಡರ್ (ಮೇಲ್ ಬಂದ ದಾರಿಯ ದಾಖಲೆ), ಸಿಕ್ಕ ವಿಳಾಸಗಳು. ವಿಳಾಸ ಬರೆಯುವಾಗ ಎಚ್‌ಟಿಟಿಪಿಯ ಎರಡು ಟಿಗಳ ಜಾಗದಲ್ಲಿ ಎರಡು ಎಕ್ಸ್ ಹಾಕಿ, ಚುಕ್ಕಿಗಳಿಗೆ ಚೌಕ ಆವರಣ ಕಟ್ಟಿ. ಇಲ್ಲದಿದ್ದರೆ ಮೇಲ್ ಪ್ರೋಗ್ರಾಂ ಅದನ್ನು ತಾನೇ ನೀಲಿ ಲಿಂಕ್ ಮಾಡಿಡುತ್ತದೆ, ಓದುವವರ ಬೆರಳು ಅದರ ಮೇಲೇ ಬೀಳುತ್ತದೆ.